ಸತ್ತವರ ಪಟ್ಟಿಗೆ ಕೈ ಹಾಕುವ ಮುನ್ನ

ಅಮೆರಿಕದಲ್ಲಿ ವಿಮೆ, ಪಿಂಚಣಿ, ಬ್ಯಾಂಕು, ವಾರಸುದಾರರ ಹುಡುಕಾಟ, ಮೋಸ ತಡೆಯುವ ಸಾಫ್ಟ್‌ವೇರು ಎಂದು ಒಂದಲ್ಲ ಒಂದು ಕೆಲಸದಲ್ಲಿ ನಮ್ಮವರು ಬೇಕಾದಷ್ಟು ಜನ ಇದ್ದೀರಿ. ಕೆಲವರು ಅಲ್ಲೇ ಸ್ವಂತ ಕಂಪನಿ ತೆರೆದಿದ್ದೀರಿ. ಇನ್ನು ಕೆಲವರು ಬೆಂಗಳೂರಿನಲ್ಲಿ ಕೂತು, ರಾತ್ರಿ ಪಾಳಿ ಮಾಡಿ, ಅಲ್ಲಿನವರ ಕಡತ ನೋಡುತ್ತೀರಿ. "ಡೆತ್ ಮಾಸ್ಟರ್ ಫೈಲಿಗೆ ಸರ್ಟಿಫಿಕೇಶನ್ ಮಾಡಿಸಿಬಿಡಿ" ಎಂದು ಮೇಲಿನವರು ಅಂದ ಕೂಡಲೇ ಫಾರಂ ತುಂಬಲು ಕೂರುತ್ತೀರಲ್ಲ, ಆ ಆತುರದ ಬಗ್ಗೆಯೇ ನಿಮಗೆ ನಾಲ್ಕು ಮಾತು ಹೇಳಬೇಕಾಗಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

"ಸತ್ತವರ ಪಟ್ಟಿ ತಾನೆ, ಅದರಲ್ಲಿ ಗುಟ್ಟೇನು" ಎಂದು ಮಾತ್ರ ಕೇಳಬೇಡಿ. ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ಆಡಳಿತ ಇಟ್ಟುಕೊಂಡಿರುವ ಈ ಪಟ್ಟಿಯಲ್ಲಿ ತೀರಿಕೊಂಡವರ ಹೆಸರಿದೆ, ಹುಟ್ಟಿದ ದಿನ, ಸತ್ತ ದಿನ ಇದೆ, ಜೊತೆಗೆ ಒಂಬತ್ತು ಅಂಕಿಯ ಸೋಶಿಯಲ್ ಸೆಕ್ಯುರಿಟಿ ನಂಬರು ಇದೆ. 1980ರಲ್ಲಿ ಮಾಹಿತಿ ಹಕ್ಕಿನ ಒಂದು ದಾವೆಯಲ್ಲಿ ಆದ ಒಪ್ಪಂದದ ಫಲವಾಗಿ ಇದು ಸಾರ್ವಜನಿಕರ ಕೈಗೆ ಬಂತು. ವಾಣಿಜ್ಯ ಇಲಾಖೆಯ ಕೆಳಗಿರುವ ಎನ್‌ಟಿಐಎಸ್ ಎಂಬ ಸಂಸ್ಥೆ ಇದನ್ನು ಮಾರುತ್ತಿತ್ತು, ವಂಶವೃಕ್ಷ ಹುಡುಕುವ ವೆಬ್‌ಸೈಟುಗಳು ಕೊಂಡು ತಂದು ಎಲ್ಲರಿಗೂ ತೋರಿಸುತ್ತಿದ್ದವು. ಅಜ್ಜ ಅಜ್ಜಿಯ ಹೆಸರು ಹುಡುಕುವವರಿಗೆ ಅನುಕೂಲವಾಗಿತ್ತು, ನಿಜ. ಅದೇ ಕಿಂಡಿಯಿಂದ ಕಳ್ಳರೂ ನುಗ್ಗಿದರು.

ಅವರು ಕದ್ದದ್ದು ಯಾರ ಹೆಸರನ್ನು ಗೊತ್ತೇ? ಪುಟ್ಟ ಮಕ್ಕಳದ್ದು. ಕಾಯಿಲೆಯಿಂದ ತೀರಿಹೋದ ಮಗುವಿನ ನಂಬರನ್ನು ಎತ್ತಿಕೊಂಡು, ಅದು ತನ್ನ ಆಶ್ರಯದಲ್ಲಿರುವ ಮಗು ಎಂದು ಯಾವನೋ ತೆರಿಗೆ ರಿಟರ್ನ್ ಸಲ್ಲಿಸಿ ಹಣ ಪಡೆಯುತ್ತಿದ್ದ. ಆಮೇಲೆ ನಿಜವಾದ ತಂದೆ ತಾಯಿ ಮಗುವಿನ ಕೊನೆಯ ವರ್ಷದ ರಿಟರ್ನ್ ಕೊಡಲು ಹೋದರೆ, ಈ ನಂಬರನ್ನು ಆಗಲೇ ಬೇರೆಯವರು ಬಳಸಿದ್ದಾರೆ ಎಂಬ ಉತ್ತರ. ಸೂತಕ ಕಳೆದಿರದ ಮನೆಗೆ ಇಂಥ ಕಾಗದ ಬಂದರೆ ಹೇಗಿರುತ್ತದೆ, ನೀವೇ ಯೋಚಿಸಿ. 2012ರಲ್ಲಿ ಹೀಗೆ ಮಗಳನ್ನು ಕಳೆದುಕೊಂಡ ಒಬ್ಬ ತಂದೆ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ನಿಂತು ತಮ್ಮ ಕಥೆ ಹೇಳಿದರು. ಆಮೇಲೆ ಈ ಪಟ್ಟಿಗೆ ಬೀಗ ಹಾಕಿದ ಕಾನೂನಿನ ಬೇರು ಇರುವುದು ಇಂಥ ಮನೆಗಳಲ್ಲಿ. ಫಾರಂ ತುಂಬುವಾಗ ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಸತ್ತವರ ವಿಷಯದಲ್ಲಿ ಮರ್ಯಾದೆ ಕಾಯುವುದು ನಮಗೇನೂ ಹೊಸದಲ್ಲ. ನಮ್ಮ ದೇಶದ 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಂ ನೋಡಿ: ಮರಣದ ದಾಖಲೆಯ ಪ್ರತಿಯನ್ನು ಯಾರಿಗೇ ಕೊಟ್ಟರೂ ಸಾವಿನ ಕಾರಣವನ್ನು ಅದರಲ್ಲಿ ಕಾಣಿಸುವಂತಿಲ್ಲ.

ಅಮೆರಿಕದವರು ಎರಡು ಹೆಜ್ಜೆಯಲ್ಲಿ ಬಾಗಿಲು ಮುಚ್ಚಿದರು. 2011ರ ನವೆಂಬರಿನಲ್ಲಿ, ರಾಜ್ಯ ಸರ್ಕಾರಗಳಿಂದ ಬಂದ ಮಾಹಿತಿಯನ್ನು ಹೀಗೆ ಹಂಚಲು ಕಾನೂನೇ ಬಿಡುವುದಿಲ್ಲ ಎಂದು, ಸುಮಾರು 8.9 ಕೋಟಿ ದಾಖಲೆಗಳ ಪಟ್ಟಿಯಿಂದ 42 ಲಕ್ಷದಷ್ಟನ್ನು ತೆಗೆದುಹಾಕಿದರು. ಆಮೇಲೆ 2013ರ ಡಿಸೆಂಬರ್ 26ರಂದು ಸಹಿಯಾದ ಬೈಪಾರ್ಟಿಸನ್ ಬಜೆಟ್ ಆಕ್ಟ್‌ನ 203ನೇ ಕಲಂ ಬಂತು. ಯಾರೇ ತೀರಿಕೊಂಡರೂ, ಆ ದಿನದಿಂದ ಮೂರು ಕ್ಯಾಲೆಂಡರ್ ವರ್ಷ ಅವರ ದಾಖಲೆಗೆ ಬೀಗ. ಬೀಗ ತೆಗೆಸಿಕೊಳ್ಳಬೇಕಾದರೆ ಎನ್‌ಟಿಐಎಸ್‌ನಿಂದ ಪ್ರಮಾಣೀಕರಣ ಪಡೆಯಬೇಕು. ಇದರ ಪೂರ್ತಿ ನಿಯಮಾವಳಿ ಜಾರಿಯಾದದ್ದು 2016ರ ನವೆಂಬರ್ 28ರಂದು.

ಈಗ ನಿಮ್ಮ ವಿಷಯಕ್ಕೆ ಬರೋಣ. ಮೊದಲು ಒಂದು ಪ್ರಶ್ನೆಗೆ ನಿಜವಾದ ಉತ್ತರ ಕೊಡಿ. ನಿಮಗೆ ಈ ಪಟ್ಟಿ ಬೇಕೇ ಬೇಕೆ? ಪಕ್ಕದ ಕಂಪನಿಯವರ ಹತ್ತಿರ ಇದೆ, ಮುಂದೆ ಯಾವತ್ತಾದರೂ ಬೇಕಾಗಬಹುದು, ಇರಲಿ ಒಂದು ಎನ್ನುವುದಾದರೆ ಇಲ್ಲಿಗೇ ಬಿಡಿ. ಮೂರು ವರ್ಷ ದಾಟಿದ ಸಾವುಗಳಿಗೆ ಈ ಬೀಗವಿಲ್ಲ. ವಂಶಾವಳಿ ಬರೆಯುವವರಿಗೆ, ಇತಿಹಾಸ ಹುಡುಕುವವರಿಗೆ ಬಹುಪಾಲು ಅಷ್ಟರಲ್ಲೇ ಕೆಲಸ ಮುಗಿಯುತ್ತದೆ. ಬೇಡದ ಗುಟ್ಟನ್ನು ಮನೆಗೆ ತಂದುಕೊಂಡರೆ ಕಾಯುವ ಖರ್ಚೂ ನಿಮ್ಮದೇ, ಕಳೆದರೆ ದಂಡವೂ ನಿಮ್ಮದೇ. ಹಾಸಿಗೆ ಇದ್ದಷ್ಟು ಕಾಲು ಚಾಚಿ.

ಬೇಕು ಎಂದಾದರೆ ಕಾನೂನು ಒಪ್ಪುವ ಕಾರಣ ಎರಡೇ. ಒಂದು, ಮೋಸ ತಡೆಯುವ ನ್ಯಾಯವಾದ ಅಗತ್ಯ. ಇನ್ನೊಂದು, ಯಾವುದಾದರೂ ಕಾನೂನು, ಸರ್ಕಾರಿ ನಿಯಮ, ಇಲ್ಲವೇ ಪರರ ಹಣಕ್ಕೆ ವಿಶ್ವಸ್ತರಾಗಿ ಹೊತ್ತ ಹೊಣೆಯಿಂದ ಬಂದ ವ್ಯವಹಾರದ ಉದ್ದೇಶ. ಫಾರಂನಲ್ಲಿ (ಎನ್‌ಟಿಐಎಸ್ ಎಫ್‌ಎಂ161 ಎಂಬುದು ಅದರ ಹೆಸರು) ಈ ಜಾಗಕ್ಕೆ ಬಂದಾಗಲೇ ನೀವು ಎಡವುವುದು. "ಗ್ರಾಹಕರಿಗೆ ಉತ್ತಮ ಸೇವೆ ನೀಡಲು" ಎಂದು ಒಂದು ಸಾಲು ಗೀಚಿ ಮುಂದೆ ಹೋಗುತ್ತೀರಿ. ಹಾಗೆ ಮಾಡಬೇಡಿ. ಪಾಲಿಸಿದಾರ ಸತ್ತಿದ್ದಾನೆಯೇ ಎಂದು ವಿಮಾ ಕಂಪನಿ ತಾನಾಗಿಯೇ ಈ ಪಟ್ಟಿಯೊಂದಿಗೆ ತಾಳೆ ನೋಡಿ, ಹಣ ಯಾರಿಗೆ ಸೇರಬೇಕೋ ಅವರನ್ನು ಹುಡುಕಬೇಕು ಎಂದು ಅಮೆರಿಕದ ಹಲವು ರಾಜ್ಯಗಳಲ್ಲಿ ಕಾನೂನಿದೆ. ನಿಮ್ಮದು ಆ ಕೆಲಸವಾದರೆ ಯಾವ ರಾಜ್ಯ, ಯಾವ ಕಲಂ ಎಂದು ಬರೆಯಿರಿ. ಪಿಂಚಣಿ ನಿಧಿಯ ಕೆಲಸವಾದರೆ 1974ರ ಎರಿಸಾ ಕಾನೂನಿನಲ್ಲಿ ನಿಮ್ಮ ಹೊಣೆ ಎಲ್ಲಿ ಬರುತ್ತದೆ ಎಂದು ನಿಮ್ಮ ವಕೀಲರನ್ನು ಕೂರಿಸಿಕೊಂಡು ಬರೆಸಿ. ಹೀಗೆ ಬರೆಯಲು ಕೂತಾಗ ಕಾರಣವೇ ಹೊಳೆಯದಿದ್ದರೆ, ನಿಮಗೆ ಪಟ್ಟಿ ಬೇಡ ಎಂದೇ ಅರ್ಥ. ಬರೆದ ಉದ್ದೇಶ ಒಂದು, ಬಳಸಿದ್ದು ಇನ್ನೊಂದು ಆದರೂ ತಪ್ಪು ತಪ್ಪೇ.

ಕಾರಣ ಸರಿಯಿದ್ದರೆ ಅರ್ಧ ದಾರಿ ಆಯಿತು, ಅಷ್ಟೇ. ಮಿಕ್ಕರ್ಧ ಭದ್ರತೆ. ಕಂಪ್ಯೂಟರು, ಕೋಣೆ, ನಡವಳಿಕೆ ಮೂರೂ ಗಟ್ಟಿಯಾಗಿವೆ ಎಂದು ಹೊರಗಿನ ಪರಿಶೀಲಕರೊಬ್ಬರು ಬರೆದುಕೊಡಬೇಕು. ನಿಮ್ಮ ಐಟಿ ವಿಭಾಗದ ಗೆಳೆಯ ಸಹಿ ಹಾಕಿದರೆ ನಡೆಯುವುದಿಲ್ಲ. ಮಾನ್ಯತೆ ಪಡೆದ, ನಿಮ್ಮಿಂದ ಸ್ವತಂತ್ರವಾದ ಸಂಸ್ಥೆಯೇ ಆಗಬೇಕು. ರಾಜ್ಯ ಅಥವಾ ಸ್ಥಳೀಯ ಸರ್ಕಾರದ ಇಲಾಖೆಯಾದರೆ ಅಲ್ಲಿನ ಆಡಿಟರ್ ಜನರಲ್ ಅಥವಾ ಇನ್‌ಸ್ಪೆಕ್ಟರ್ ಜನರಲ್ ಬರೆದುಕೊಡಬಹುದು. ಆ ಪರಿಶೀಲನೆ ಅರ್ಜಿ ಹಾಕುವ ಹಿಂದಿನ ಮೂರು ವರ್ಷದೊಳಗೆ ನಡೆದಿರಬೇಕು. ಬೇರೆ ಉದ್ದೇಶಕ್ಕೆ ಮಾಡಿಸಿದ ಆಡಿಟ್ ನಿಮ್ಮ ಬಳಿ ಇದ್ದರೆ ಅದೇ ಆಧಾರವಾಗಬಹುದು, ಹೊಸದಾಗಿ ಮಾಡಿಸಲೇಬೇಕು ಎಂದೇನಿಲ್ಲ. ಆದರೆ ಈ ಪಟ್ಟಿ ನಿಜವಾಗಿ ಯಾವ ಸರ್ವರಿನಲ್ಲಿ ಕೂರುತ್ತದೋ ಆ ಸರ್ವರನ್ನು ಆ ಆಡಿಟ್ ನೋಡಿತ್ತೇ ಎಂದು ಕೇಳಿ ತಿಳಿದುಕೊಳ್ಳಿ. ಮುಖ್ಯ ಕಚೇರಿಗೆ ಆಡಿಟ್ ಮಾಡಿಸಿ, ಫೈಲನ್ನು ಬೇರೆ ಊರಿನ ಯಂತ್ರದಲ್ಲಿ ಇಟ್ಟುಕೊಂಡರೆ ಆ ಕಾಗದದಿಂದ ಏನು ಬಂತು? ಬೆಂಕಿ ಬಿದ್ದಾಗ ಬಾವಿ ತೋಡುವವರ ಸಾಲಿಗೆ ಸೇರಬೇಡಿ. ಭದ್ರತೆ ಮೊದಲಾಗಲಿ, ಅರ್ಜಿ ಆಮೇಲೆ.

ಭದ್ರತೆ ಎಂದರೆ ಏನೇನು ಎಂದು ಎನ್‌ಟಿಐಎಸ್ ಮಾರ್ಗಸೂಚಿಯನ್ನೇ ಪ್ರಕಟಿಸಿದೆ, ಪಬ್ಲಿಕೇಶನ್ 100 ಎಂದು. ತೆರಿಗೆ ಮಾಹಿತಿಯನ್ನು ಕಾಯಲು ಅಲ್ಲಿನ ತೆರಿಗೆ ಕಾನೂನಿನ 6103ನೇ ಕಲಂ ಹೇಳುವ ಮಟ್ಟದ ಕಾವಲೇ ಇದಕ್ಕೂ ಬೇಕು ಎಂಬುದು ಅದರ ಸಾರ. ಪೂರ್ತಿ ಓದಿ. ಓದಿದ ಮೇಲೆ ನಿಮ್ಮ ದಿನನಿತ್ಯದ ಅಭ್ಯಾಸಗಳ ಕಡೆ ಒಮ್ಮೆ ಕಣ್ಣು ಹಾಯಿಸಿ.

ನಾನು ಬಲ್ಲೆ, ಏನಾಗುತ್ತದೆ ಎಂದು. ಫೈಲು ಸರ್ವರಿನಲ್ಲಿ ಭದ್ರವಾಗಿಯೇ ಇರುತ್ತದೆ. ಒಂದು ದಿನ ಒಬ್ಬರು "ಬರೀ ಐವತ್ತು ಹೆಸರು ತಾಳೆ ನೋಡಬೇಕು" ಎಂದು ಅಷ್ಟನ್ನು ಎಕ್ಸೆಲ್ ಹಾಳೆಗೆ ಇಳಿಸಿಕೊಳ್ಳುತ್ತಾರೆ. ಆ ಹಾಳೆ ಲ್ಯಾಪ್‌ಟಾಪಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಕೂರುತ್ತದೆ. ಅದೇ ಹಾಳೆ ಇಮೇಲಿಗೆ ಅಂಟಿಕೊಂಡು ಇನ್ನೊಬ್ಬರಿಗೆ ಹೋಗುತ್ತದೆ. ಅವರು ಅರ್ಥವಾಗದ ಒಂದು ಸಾಲನ್ನು ಫೋಟೋ ಹೊಡೆದು ತಂಡದ ವಾಟ್ಸಾಪ್ ಗುಂಪಿಗೆ ಹಾಕಿ "ಇದು ಏನು ಸರ್?" ಎಂದು ಕೇಳುತ್ತಾರೆ. ಮುಗಿಯಿತು. ಮೂರು ತಿಂಗಳ ಹಿಂದೆ ತೀರಿಕೊಂಡ ಯಾರದೋ ತಾಯಿಯ ನಂಬರು ಈಗ ಹನ್ನೆರಡು ಫೋನುಗಳಲ್ಲಿ. ಯಾರಿಗೂ ಕೆಟ್ಟ ಬುದ್ಧಿ ಇರಲಿಲ್ಲ, ಸೋಮಾರಿತನ ಇತ್ತು, ಅಷ್ಟೇ. ಕಾನೂನಿನ ಲೆಕ್ಕಕ್ಕೆ ಅದು ಹಂಚಿಕೆಯೇ.

ಹಾಗಾಗಿ ಹೇಳುತ್ತೇನೆ ಕೇಳಿ. ಈ ಪಟ್ಟಿಯನ್ನು ಯಾರ ಕೆಲಸಕ್ಕೆ ನಿಜವಾಗಿ ಬೇಕೋ ಅವರಿಗೆ ಮಾತ್ರ ತೆರೆಯಿರಿ. ಮ್ಯಾನೇಜರ್ ಆದ ಮಾತ್ರಕ್ಕೆ ನೋಡುವ ಹಕ್ಕು ಬರುವುದಿಲ್ಲ. ತಂಡಕ್ಕೆಲ್ಲ ಒಂದೇ ಪಾಸ್‌ವರ್ಡ್ ಇಟ್ಟು ಅದನ್ನು ಮಾನಿಟರಿನ ಅಂಚಿಗೆ ಅಂಟಿಸುವ ಚಾಳಿ ಇವತ್ತೇ ಬಿಡಿ. ಯಾರು, ಯಾವಾಗ, ಯಾವ ದಾಖಲೆ ನೋಡಿದರು ಎಂದು ಲಾಗ್ ಇರಲಿ, ಆ ಲಾಗನ್ನು ತಿಂಗಳಿಗೊಮ್ಮೆಯಾದರೂ ಒಬ್ಬರು ಕೂತು ಓದಲಿ. ಓದದ ಲಾಗ್ ಇದ್ದೂ ಇಲ್ಲದಂತೆ. ಕೆಲಸ ಬಿಟ್ಟು ಹೋದವರ ಪ್ರವೇಶವನ್ನು ಅದೇ ದಿನ ಮುಚ್ಚಿ, ಬೀಳ್ಕೊಡುಗೆಯ ಕೇಕು ಆಮೇಲೆ ಕತ್ತರಿಸಿ. ಸಾಫ್ಟ್‌ವೇರಿನ ಪರೀಕ್ಷೆಗೆ ನಿಜವಾದ ದಾಖಲೆ ಬಳಸಬೇಡಿ, ಸುಳ್ಳು ಹೆಸರು ಸುಳ್ಳು ನಂಬರು ಸಾಕು. ತಾಳೆ ನೋಡಿ ಮುಗಿದ ಹಾಳೆಯನ್ನು ಅಳಿಸಿ, ಅಳಿಸಿದ್ದಕ್ಕೂ ದಾಖಲೆ ಇಡಿ.

ದಂಡದ ಲೆಕ್ಕವನ್ನೂ ಕೇಳಿಬಿಡಿ. ಒಂದೊಂದು ಅಕ್ರಮ ಹಂಚಿಕೆಗೆ ಅಥವಾ ಬಳಕೆಗೆ 1,000 ಡಾಲರು. ಒಂದು ವರ್ಷದಲ್ಲಿ ಒಟ್ಟು 2,50,000 ಡಾಲರಿಗೆ ಮಿತಿ ಇದೆ, ಆದರೆ ಬೇಕೆಂದೇ ಮಾಡಿದ್ದು ಎಂದು ಸಾಬೀತಾದರೆ ಆ ಮಿತಿಯೂ ಇಲ್ಲ. ಇನ್ನು ಹೆಸರು ಹೋದದ್ದರ ಲೆಕ್ಕ ಯಾರೂ ಕೊಡಲಾರರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಬೆಂಗಳೂರಿನವರಿಗೆ ಇಲ್ಲಿ ಬೇರೆಯಾಗಿ ಹೇಳಬೇಕು. ಪ್ರಮಾಣೀಕರಣ ಪಡೆದವರು ಪ್ರಮಾಣೀಕರಣ ಪಡೆದ ಇನ್ನೊಬ್ಬರಿಗೆ ಮಾಹಿತಿ ಕೊಟ್ಟರೆ ಕೊಟ್ಟವರಿಗೆ ದಂಡವಿಲ್ಲ ಎಂದು ನಿಯಮಾವಳಿ ರಕ್ಷಣೆ ಕೊಡುತ್ತದೆ. ಆ ರಕ್ಷಣೆ ಎಲ್ಲಿಯವರೆಗೆ ಎಂದು ತಿಳಿಯದೆ, "ನಾವೆಲ್ಲ ಒಂದೇ ಕಂಪನಿ ತಾನೆ" ಎಂಬ ಭರವಸೆಯ ಮೇಲೆ ಅಲ್ಲಿನವರು ಇಲ್ಲಿಗೆ ಫೈಲು ದಾಟಿಸುವುದೂ ಬೇಡ, ಇಲ್ಲಿನವರು ತೆಗೆದುಕೊಳ್ಳುವುದೂ ಬೇಡ. "ಈ ಕಡತದಲ್ಲಿ ಬೀಗ ಬಿದ್ದ ಮೂರು ವರ್ಷದ ಸಾವಿನ ದಾಖಲೆ ಇದೆಯೇ? ಇದ್ದರೆ ನಾನು ನೋಡಬಹುದು ಎಂದು ಯಾರು, ಯಾವ ಆಧಾರದ ಮೇಲೆ ಒಪ್ಪಿದ್ದಾರೆ?" ಎಂದು ಕಂಪ್ಲಯನ್ಸ್ ವಿಭಾಗಕ್ಕೆ ಲಿಖಿತವಾಗಿ ಬರೆದು ಕೇಳಿ. ಕಿರಿಯರು ಕೇಳಬಾರದು ಎಂಬ ಸಂಕೋಚ ಇಲ್ಲಿ ಬೇಡ. ಉತ್ತರ ಬರುವವರೆಗೆ ಫೈಲು ತೆರೆಯಬೇಡಿ. ಹೊರಗಿನ ಮಾರಾಟಗಾರರಿಂದ ಮಾಹಿತಿ ಕೊಳ್ಳುವುದಿದ್ದರೂ ಅಷ್ಟೇ, ಅವರ ಪ್ರಮಾಣೀಕರಣ ಈ ವರ್ಷದ್ದೇ ಎಂದು ಕಾಗದ ತರಿಸಿ ನೋಡಿ. ಹೋದ ವರ್ಷದ್ದು ಹೋದ ವರ್ಷಕ್ಕೇ ಮುಗಿಯಿತು, ಏಕೆಂದರೆ ಇದನ್ನು ವರ್ಷ ವರ್ಷವೂ ನವೀಕರಿಸಬೇಕು.

ಕೈಗೆ ಪಟ್ಟಿ ಬಂತು ಎನ್ನಿ. ಈಗ ಶುರುವಾಗುವ ತಪ್ಪು ಬೇರೆ ಥರದ್ದು, ಕುರುಡು ನಂಬಿಕೆಯದ್ದು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಈ ಪಟ್ಟಿಗೆಂದೇ ಹುಟ್ಟಿದಂತಿದೆ. ಒಂದು ಸಾಲನ್ನು ಬಿಡಿಸಿ ನೋಡಿ. ಮೊದಲ ಅಕ್ಷರ ಎ ಇದ್ದರೆ ಹೊಸದಾಗಿ ಸೇರಿದ್ದು, ಸಿ ಇದ್ದರೆ ತಿದ್ದಿದ್ದು, ಡಿ ಇದ್ದರೆ ತೆಗೆದುಹಾಕಿದ್ದು. ಆಮೇಲೆ ನಂಬರು, ಕುಟುಂಬದ ಹೆಸರು, ಇಟ್ಟ ಹೆಸರು. ನಡುವೆ ಒಂದು ಪುಟ್ಟ ಜಾಗದಲ್ಲಿ ವಿ ಅಥವಾ ಪಿ. ವಿ ಎಂದರೆ ಮನೆಯವರ ಕಡೆಯಿಂದ ಖಚಿತಪಡಿಸಿಕೊಂಡದ್ದು, ಪಿ ಎಂದರೆ ಮರಣ ಪ್ರಮಾಣಪತ್ರವನ್ನೇ ನೋಡಿದ್ದು. ಕೊನೆಗೆ ಸತ್ತ ದಿನ, ಹುಟ್ಟಿದ ದಿನ. ಹಳೆಯ ದಾಖಲೆಗಳಲ್ಲಿ ಎಷ್ಟೋ ಕಡೆ ತಿಂಗಳಿದ್ದು ದಿನವೇ ಇರುವುದಿಲ್ಲ.

ತೆಗೆದುಹಾಕಿದ್ದು ಎಂಬ ಗುರುತು ಏಕಿದೆ, ಯೋಚಿಸಿದ್ದೀರಾ? ಬದುಕಿರುವವರೂ ತಪ್ಪಾಗಿ ಈ ಪಟ್ಟಿ ಸೇರುತ್ತಾರೆ. ಯಾರೋ ಒಂದು ಅಂಕಿ ತಪ್ಪು ಒತ್ತಿದರೆ ಸಾಕು, ಬದುಕಿರುವ ಮನುಷ್ಯನ ಪಿಂಚಣಿ ನಿಲ್ಲುತ್ತದೆ, ಬ್ಯಾಂಕ್ ಖಾತೆ ಮುಚ್ಚುತ್ತದೆ, ಸಾಲ ಸಿಗುವುದಿಲ್ಲ. ವಾರ ವಾರ, ತಿಂಗಳು ತಿಂಗಳು ಬರುವ ತಿದ್ದುಪಡಿಗಳನ್ನು ನೀವು ಹಾಕಿಕೊಳ್ಳದೆ ಹಳೆಯ ಪಟ್ಟಿಯನ್ನೇ ಓಡಿಸಿದರೆ, ಸರ್ಕಾರ ತಿದ್ದಿದ ತಪ್ಪು ನಿಮ್ಮ ಕಚೇರಿಯಲ್ಲಿ ಹಾಗೇ ಬದುಕಿರುತ್ತದೆ. ಪಾಪ, ಆ ಮುದುಕರು ನಾನು ಬದುಕಿದ್ದೇನೆ ಎಂದು ನಿಮಗೆ ಸಾಬೀತು ಮಾಡಬೇಕು! ಆದ್ದರಿಂದ ಹೆಸರು ಸಿಕ್ಕಿತು ಎಂದು ತಕ್ಷಣ ಖಾತೆ ಮುಚ್ಚಬೇಡಿ. ಒಂದು ಕಾಗದ ಬರೆಯಿರಿ, ಒಂದು ಫೋನು ಮಾಡಿ. ತಪ್ಪಾಗಿ ಸತ್ತವರೆಂದು ದಾಖಲಾದವರು ಸೋಶಿಯಲ್ ಸೆಕ್ಯುರಿಟಿ ಕಚೇರಿಗೆ ಗುರುತಿನ ಚೀಟಿ ಸಮೇತ ಹೋದರೆ, ಬ್ಯಾಂಕುಗಳಿಗೆ ತೋರಿಸಲು ಅಲ್ಲಿ ಒಂದು ಪತ್ರ ಕೊಡುತ್ತಾರೆ. ಆ ಪತ್ರ ಹಿಡಿದು ಬಂದವರನ್ನು ಕಾಯಿಸಬೇಡಿ.

ಹೆಸರು ಸಿಗಲಿಲ್ಲ ಎಂದರೆ ಬದುಕಿದ್ದಾರೆ ಎಂದೂ ಅಲ್ಲ. ರಾಜ್ಯಗಳಿಂದ ಬಂದ ಸಾವುಗಳು ನಿಮ್ಮ ಕೈಗೆ ಬರುವ ಪಟ್ಟಿಯಲ್ಲಿ ಇರುವುದೇ ಇಲ್ಲ ಎಂದು ಆಗಲೇ ಹೇಳಿದೆನಲ್ಲ. ನಮ್ಮ ಕಡೆಯ ಹೆಸರುಗಳಿಗಂತೂ ಇನ್ನೊಂದು ತೊಡಕು. ಇಟ್ಟ ಹೆಸರಿಗೆ ಅಲ್ಲಿರುವುದು ಹದಿನೈದು ಅಕ್ಷರದ ಜಾಗ. ಲಕ್ಷ್ಮೀನಾರಾಯಣ ಎಂಬುದು ಇಂಗ್ಲಿಷಿನಲ್ಲಿ ಹೇಗೋ ಸರಿಯಾಗಿ ಹಿಡಿಸುತ್ತದೆ, ವೆಂಕಟಸುಬ್ರಹ್ಮಣ್ಯ ಬಾಲ ಕಳೆದುಕೊಳ್ಳುತ್ತದೆ. ಅದರ ಮೇಲೆ ತಂದೆಯ ಹೆಸರು ಒಂದು ಕಡೆ ಕುಟುಂಬದ ಹೆಸರಾಗಿ, ಊರಿನ ಹೆಸರು ಇನ್ನೊಂದು ಕಡೆ ಕುಟುಂಬದ ಹೆಸರಾಗಿ ಸೇರಿರುತ್ತದೆ. ಬರೀ ಹೆಸರಿನಿಂದ ತಾಳೆ ನೋಡಿದರೆ ಇಂಥವರು ತಪ್ಪಿಯೇ ಹೋಗುತ್ತಾರೆ. ಈ ಹೆಸರುಗಳ ಒಳಹೊರಗು ಬಲ್ಲವರು ನೀವು. ತಾಳೆ ನೋಡುವ ಕ್ರಮ ಬರೆಯುವಾಗ ಬಾಯಿಬಿಟ್ಟು ಹೇಳಿ.

ಪ್ರಮಾಣೀಕರಣಕ್ಕೆ ಸಹಿ ಹಾಕಿದಾಗ ಆಡಿಟ್‌ಗೂ ಒಪ್ಪಿದ್ದೀರಿ, ಹೇಳಿ ಬರುವುದಕ್ಕೂ ಹೇಳದೆ ಬರುವುದಕ್ಕೂ. ಬಂದವರ ಮುಂದೆ ತಡಕಾಡದಂತೆ ಕಾಗದಪತ್ರಗಳನ್ನು ಒಂದು ಕಡೆ ಜೋಡಿಸಿಡಿ. ನವೀಕರಣದ ದಿನವನ್ನು ಒಬ್ಬರ ತಲೆಯಲ್ಲಿ ಬಿಡದೆ ಇಬ್ಬರ ಕ್ಯಾಲೆಂಡರಿನಲ್ಲಿ ಬರೆಯಿರಿ. ಪರಿಶೀಲಕರು ಬರೆದುಕೊಟ್ಟ ಪತ್ರದ ಮೂರು ವರ್ಷ ಯಾವಾಗ ಮುಗಿಯುತ್ತದೆ ಎಂಬುದನ್ನೂ ಪಕ್ಕದಲ್ಲೇ ಬರೆದುಕೊಳ್ಳಿ, ಎರಡೂ ಬೇರೆ ಬೇರೆ ಗಡುವು.

ಇನ್ನು ಕಚೇರಿಯ ಮಾತು ಬಿಟ್ಟು ಮನೆಯ ಮಾತು. ನಿಮ್ಮ ತಂದೆಯೋ ತಾಯಿಯೋ ಕೆಲವು ಕಾಲ ಅಮೆರಿಕದಲ್ಲಿದ್ದು, ಸೋಶಿಯಲ್ ಸೆಕ್ಯುರಿಟಿ ನಂಬರು ಮಾಡಿಸಿಕೊಂಡು, ಊರಿಗೆ ಮರಳಿ ಇಲ್ಲಿ ತೀರಿಕೊಂಡಿರಬಹುದು. ಅಲ್ಲಾದರೆ ಫ್ಯೂನರಲ್ ಹೋಮಿನವರೇ ಸಾಮಾನ್ಯವಾಗಿ ಸೋಶಿಯಲ್ ಸೆಕ್ಯುರಿಟಿಗೆ ತಿಳಿಸುತ್ತಾರೆ. ಇಲ್ಲಿ ಆ ಕೆಲಸ ನಿಮ್ಮದು. 21 ದಿನದೊಳಗೆ ಇಲ್ಲಿ ಮರಣ ನೋಂದಾಯಿಸಿ, ಪ್ರಮಾಣಪತ್ರದ ನಾಲ್ಕಾರು ಪ್ರತಿ ತೆಗೆದುಕೊಳ್ಳಿ. ಒಂದನ್ನು ಸೋಶಿಯಲ್ ಸೆಕ್ಯುರಿಟಿ ಆಡಳಿತಕ್ಕೆ ತಲುಪಿಸಿ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಅಲ್ಲಿನ ಮೂರು ಕ್ರೆಡಿಟ್ ಸಂಸ್ಥೆಗಳಿಗೂ ಬರೆದು, ಇವರು ತೀರಿಕೊಂಡಿದ್ದಾರೆ ಎಂದು ಗುರುತು ಹಾಕಿಸಿ, ಆ ಹೆಸರಿನಲ್ಲಿ ಯಾರೂ ಹೊಸ ಸಾಲ ಎತ್ತದ ಹಾಗೆ. ವೈಕುಂಠ ಸಮಾರಾಧನೆಯ ಕರೆಯೋಲೆಯನ್ನು ಫೇಸ್‌ಬುಕ್ಕಿಗೆ ಹಾಕುವಾಗ ಹುಟ್ಟಿದ ತಾರೀಖು, ತವರಿನ ಹೆಸರು, ಮನೆಯ ವಿಳಾಸ ಎಲ್ಲವನ್ನೂ ಒಟ್ಟಿಗೆ ಸುರಿಯಬೇಡಿ. ಅಮೆರಿಕದ ಬ್ಯಾಂಕುಗಳು ಫೋನಿನಲ್ಲಿ ಗುರುತು ಕೇಳುವಾಗ ಕೇಳುವುದು ಇಂಥವನ್ನೇ. ಫೋಟೋ, ಹೆಸರು, ಕಾರ್ಯ ನಡೆಯುವ ಜಾಗ, ಹೊತ್ತು ಇದ್ದರೆ ಬರುವವರಿಗೆ ಸಾಕು. ಅವರ ಸೋಶಿಯಲ್ ಸೆಕ್ಯುರಿಟಿ ಕಾರ್ಡು ಎಲ್ಲಿದೆ ಎಂದು ಈ ಭಾನುವಾರ ಬೀರು ತೆರೆದು ನೋಡಿ, ಪಾಸ್‌ಪೋರ್ಟಿನ ಜೊತೆ ಬೀಗದೊಳಗೆ ಇಟ್ಟುಬಿಡಿ.